ಫರ್ಸಿ ಕಲ್ಲಿನ ಆಚೆ

ವಾಡಿ ಜಂಕ್ಷನ್,
೪ ನವೆಂಬರ್ ೧೯೬೪

ಪ್ರೀತಿಯ ಲೂರ್ದಮ್ಮನಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರುಮಾಡುವುದು ಪದ್ಧತಿ. ನಮ್ಮ ಕ್ವಾರ್ಟರ್ಸಿನಲ್ಲಿ ಈಗ ಎಲ್ಲರೂ ಎಂದರೆ ನಾನೊಬ್ಬನೇ ಆದ್ದರಿಂದ, ಸುಳ್ಳು ಬರೆದರೂ ಚಿಕ್ಕ ಸುಳ್ಳು. ಅನ್ನ ಮಾಡುತ್ತೇನೆ, ಉಣ್ಣುತ್ತೇನೆ. ಉಪ್ಪು ಹಾಕಲಿಲ್ಲ ಎಂದು ಅರ್ಧ ಉಂಡ ಮೇಲೆ ನೆನಪಾಗುತ್ತದೆ. ಆಗ ಹಾಕಿಕೊಂಡರೂ ನಡೆಯುತ್ತದೆ, ಬಿಟ್ಟರೂ ನಡೆಯುತ್ತದೆ.

ನೀನು ಮುಂಬಯಿಗೆ ಅಕ್ಕನ ಮನೆಗೆ ಹೋಗಿ ಆರು ವಾರವಾಯಿತು. ಅಷ್ಟರಲ್ಲಿ, ಗಾಡಿ ತಡವಾಗುವುದೇ ವಾಡಿಕೆಯಾಗಿದ್ದ ಈ ವಾಡಿಯಲ್ಲಿ ಎಲ್ಲರಿಗೂ ಅವಸರ ಬಂದುಬಿಟ್ಟಿದೆ. ಜಗದ್ಗುರು ಪೋಪರು ಕ್ರೈಸ್ತರ ಮಹಾಸಮ್ಮೇಳನಕ್ಕೆಂದು ಡಿಸೆಂಬರ್ ಎರಡಕ್ಕೆ ಮುಂಬಯಿಗೆ ಬರುತ್ತಾರಲ್ಲ. ಅವರು ವಾಡಿಯಲ್ಲೇ ಇಳಿದು ಸೋಲಾಪುರ ಪ್ಯಾಸೆಂಜರ್ ಹಿಡಿಯುತ್ತಾರೇನೋ ಎಂಬಂತೆ ನಮ್ಮ ಇಪ್ಪತ್ತೆರಡು ಮನೆಯವರೂ ಸುಣ್ಣ ಬಳಿಯುತ್ತಿದ್ದಾರೆ. ಫೈರ್‌ಮನ್ ಸವೇರಿ ಚರ್ಚಿಗೆ ಹಚ್ಚಿ ಉಳಿದ ಸುಣ್ಣವನ್ನು ಚೆಲ್ಲಲು ಮನಸ್ಸಾಗದೆ ತನ್ನ ಕೋಳಿಗೂಡಿಗೂ ಹಚ್ಚಿದ. ಒಳಗಿದ್ದ ಹುಂಜ ಈಗ ಒಂದು ಕಡೆ ಕೆಂಪು, ಒಂದು ಕಡೆ ಬಿಳಿ. ಯಾವ ಕಡೆಯಿಂದ ನೋಡಿ ಅದನ್ನು ಗುರುತಿಸಬೇಕೆಂದು ಅದರ ಹೆಂಡಿರಿಗೇ ತಿಳಿಯುತ್ತಿಲ್ಲ.

ಗೂಡ್ಸ್ ಆಫೀಸಿನಲ್ಲೂ ಇದೇ ಮಾತು. ನಮ್ಮ ಹೆಡ್ ಕ್ಲಾರ್ಕ್ ಗುರುಲಿಂಗಯ್ಯನವರು ಕನ್ನಡಕ ಏರಿಸಿ ಕೇಳಿದರು: “ಏನ್ರಿ ಯಾಗಪ್ಪ, ನಿಮ್ಮ ಜಗದ್ಗುರುಗಳಿಗಿ ಅಡ್ಡಪಲ್ಲಕ್ಕಿ ಅದನೋ ಇಲ್ಲೋ?”

“ಅದರಿ. ರೋಮ್‌ನಾಗ ಹನ್ನೆರಡು ಮಂದಿ ಹೊರ್ತಾರಂತ.”

“ಹನ್ನೆರಡು ಮಂದಿ? ಹಂಗಾರ ನಮ್ಮ ಸ್ವಾಮಿಗೋಳೇ ಹಗುರ ಬಿಡ್ರಿ,” ಎಂದು ಅವರು ಬಲು ಸಮಾಧಾನದಿಂದ ವೀಳ್ಯ ಹಾಕಿಕೊಂಡರು.

ಮೊನ್ನೆ ಎರಡನೆಯ ತಾರೀಖು ಸತ್ತವರ ಹಬ್ಬ. ಸಮಾಧಿಗಳಿಗೆಲ್ಲ ಹೋಗಿ ಬತ್ತಿ ಹಚ್ಚಿದೆ. ಸಮಾಧಿಗಳ ಸುತ್ತ ನಿಲ್ಲಿಸಿದ ಫರ್ಸಿ ಚಪ್ಪಡಿಕಲ್ಲಿನ ಬೇಲಿಯ ಆಚೆ, ನಮ್ಮ ಕೂಸನ್ನು ಇಟ್ಟಲ್ಲಿಯೂ ಒಂದು ಹಚ್ಚಿದೆ. ಆ ಕಡೆ ಗಾಳಿ ಜಾಸ್ತಿ.

ಅಲ್ಲಿ ಸಮ್ಮೇಳನಕ್ಕೆ ಬರುವ ಬಿಷಪರಲ್ಲಿ ಯಾರನ್ನಾದರೂ ಹಿಡಿದು, ನಮ್ಮ ಮಗಳನ್ನು ಕಲ್ಲಿನ ಒಳಗೆ ತರಬಹುದೇ ಎಂದು ಕೇಳುತ್ತೇನೆ ಅಂತ ಬರೆದಿದ್ದೀಯ. ಬೇಡ, ಲೂರ್ದಿ. ಹುಟ್ಟುವಾಗಲೇ ಜೀವವಿರಲಿಲ್ಲ. ಜೀವವಿಲ್ಲದ ಕೂಸಿಗೆ ಜ್ಞಾನಸ್ನಾನವಿಲ್ಲ, ಜ್ಞಾನಸ್ನಾನವಿಲ್ಲದವರಿಗೆ ಒಳಗೆ ಜಾಗವಿಲ್ಲ. ನಮ್ಮ ಗೂಡ್ಸ್ ಆಫೀಸಿಗಿಂತ ಸರಳವಾದ ಕಾನೂನು. ಬಿಷಪರು ಸಂತೋಷದಲ್ಲಿರುತ್ತಾರೆ, ಅವರನ್ನು ಯಾಕೆ ಕೆದಕುವುದು? ನೀನೂ ಸಂತೋಷದಲ್ಲಿರು.

ಇತಿ ನಿನ್ನ
ಯಾಗಪ್ಪ

*

ಪರೇಲ್, ಮುಂಬಯಿ,
೧೨ ನವೆಂಬರ್ ೧೯೬೪

ನಮ್ಮ ಮನೆಯವರಿಗೆ ಲೂರ್ದಮ್ಮನ ಸ್ತೋತ್ರ.

ನಿಮ್ಮ ಪತ್ರವನ್ನು ಮಗ್ದಲಕ್ಕ ಎಲ್ಲರ ಮುಂದೆ ಓದಿದಳು. ಹುಂಜದ ಮಾತು ಬಂದಾಗ ಬಾವ ಕೆಮ್ಮು ಬರುವಷ್ಟು ನಕ್ಕರು. ನಾನೂ ನಕ್ಕೆ ಎಂದು ಆಮೇಲೆ ಅಕ್ಕ ಹೇಳಿದಳು. ನಕ್ಕಿರಬಹುದು.

ಇಲ್ಲಿ ಎಲ್ಲರ ಮುಖವೂ ಮದುವೆಮನೆಯ ಮುಖ. ಚೌರಪ್ಪ ಬಾವನಿಗೆ ಸ್ವಯಂಸೇವಕರ ಬಿಲ್ಲೆ ಕೊಟ್ಟಿದ್ದಾರೆ, ಪೋಪರ ಧ್ವಜದ ಹಾಗೆ ಹಳದಿ-ಬಿಳಿ ಪಟ್ಟಿಯದು. ಅದನ್ನು ವರ್ಕ್‌ಶಾಪಿಗೂ ಹಾಕಿಕೊಂಡು ಹೋಗುತ್ತಾರೆ. ಚಾಳಿನ ಹೆಂಗಸರೆಲ್ಲ ಸೇರಿ ಧ್ವಜ ಹೊಲಿಯುತ್ತಿದ್ದೇವೆ. ಹಳದಿ ಬಟ್ಟೆ ಅಂಗಡಿಗಳಲ್ಲಿ ಮುಗಿದುಹೋಗಿ, ಅಕ್ಕ ತನ್ನ ಮದುವೆಯ ಸೀರೆಯ ಅಂಚನ್ನೇ ಬಿಚ್ಚಿದಳು. ಬಿಚ್ಚುವಾಗ ಹಾಡುತ್ತಿದ್ದಳು. ಮೂರನೇ ಮಹಡಿಯಲ್ಲಿ ಒಬ್ಬ ಗೋವೆಯ ಮುದುಕಿ ಇದ್ದಾಳೆ, ನಾಲ್ಕು ವರ್ಷದಿಂದ ಕೆಳಗಿಳಿದವಳಲ್ಲ. ಈಗ ದಿನಕ್ಕೆ ಐದು ಮೆಟ್ಟಿಲು ಇಳಿದು ಹತ್ತಿ ಅಭ್ಯಾಸ ಮಾಡುತ್ತಾಳೆ. ಎರಡನೇ ತಾರೀಖಿನೊಳಗೆ ರಸ್ತೆಗೆ ಬರಬೇಕಂತೆ. ಎಷ್ಟನೇ ಮೆಟ್ಟಿಲಿಗೆ ಬಂದಳೆಂದು ಇಡೀ ಚಾಳು ಲೆಕ್ಕ ಇಡುತ್ತಿದೆ.

ಕೈ ಹೊಲಿಯುತ್ತದೆ. ನಾನು ಎಲ್ಲೋ ಇರುತ್ತೇನೆ. ಮೊನ್ನೆ ಸೂಜಿ ಬೆರಳಿಗೆ ಹೋಗಿ ಧ್ವಜದ ಬಿಳಿಯ ಮೇಲೆ ಕಲೆ ಆದ ಮೇಲೆಯೇ ನನಗೆ ಗೊತ್ತಾದದ್ದು.

ಬಿಷಪರ ತನಕ ಹೋಗಲಿಲ್ಲ. ಶನಿವಾರ ಪಾಪನಿವೇದನೆಗೆ ಹೋದಾಗ ಮಂಗಳೂರು ಕಡೆಯ ಒಬ್ಬ ವಯಸ್ಸಾದ ಸ್ವಾಮಿಗಳು ಸಿಕ್ಕಿದರು. ಕನ್ನಡ ಬರುತ್ತದೆ. ಅವರಿಗೆ ಎಲ್ಲ ಹೇಳಿದೆ. ಆಗಸ್ಟ್ ಹನ್ನೊಂದರ ಬೆಳಿಗ್ಗೆ ಕೂಸು ಹುಟ್ಟಿತು, ನನಗೆ ಮಧ್ಯಾಹ್ನದವರೆಗೆ ಎಚ್ಚರವಿರಲಿಲ್ಲ, ಎದ್ದಾಗ ಮಣ್ಣು ಮಾಡಿ ಬಂದಿದ್ದರು ಎಂದೆ. ಅವರು, ಅತ್ತಿತೇ ಎಂದು ಕೇಳಿದರು. ಇಲ್ಲ, ನಮ್ಮ ಮನೆಯವರು ಇಲ್ಲ ಎಂದಿದ್ದಾರೆ ಎಂದೆ. ಹತ್ತಿರ ಯಾರಿದ್ದರು ಎಂದರು. ಹಮೀದಾಬಿ ಅಂತ ಸೂಲಗಿತ್ತಿ, ಮುಸಲ್ಮಾನರಾಕೆ ಎಂದೆ. ಆಗ ಅವರು ಹೇಳಿದರು: ಕೂಸು ಸಾಯುವಂತಿದ್ದರೆ ಯಾರು ಬೇಕಾದರೂ ನೀರು ಹಾಕಿ ಜ್ಞಾನಸ್ನಾನದ ಮಾತು ಹೇಳಬಹುದು ಮಗಳೇ, ಕ್ರೈಸ್ತರೇ ಆಗಬೇಕಿಲ್ಲ. ಒಮ್ಮೆ ಆಕೆಯನ್ನು ಕೇಳಿಸು.

ಹಮೀದಾಬಿಗೆ ಆ ಮಾತು ಎಲ್ಲಿಂದ ಬರಬೇಕು ಎಂದು ನನಗೂ ಅನಿಸುತ್ತದೆ. ಆದರೂ ಕೇಳಿ. ಉಸಿರು ಇತ್ತೇ ಎಂದಾದರೂ ಕೇಳಿ. ನಮ್ಮ ಮನೆಯಿಂದ ಆಕೆಯ ಮನೆ ನೂರು ಹೆಜ್ಜೆ.

ಲೂರ್ದಮ್ಮ

*

ವಾಡಿ ಜಂಕ್ಷನ್,
೧೯ ನವೆಂಬರ್ ೧೯೬೪

ಪ್ರೀತಿಯ ಲೂರ್ದಮ್ಮನಿಗೆ,

ನಿನ್ನ ಗೋವೆಯ ಮುದುಕಿಯ ಸುದ್ದಿಯನ್ನು ಆಫೀಸಿನಲ್ಲಿ ಹೇಳಿದೆ. ಗುರುಲಿಂಗಯ್ಯನವರು, “ಇಳಿಯೋದು ಸುಲಭರಿ, ದರ್ಶನ ಆದ ಮ್ಯಾಲ ಏರೋದು ಹೆಂಗ?” ಎಂದರು. ಅಷ್ಟು ಪುಣ್ಯ ಬಂದ ಮೇಲೆ ಮೇಲಕ್ಕೆ ಹೋಗುವುದು ತಾನಾಗಿಯೇ ಆಗುತ್ತದೆ ಎಂದು ನಾನಂದೆ. ಎಲ್ಲರೂ ನಕ್ಕರು. ಈಚೆಗೆ ಜನ ನಗುವುದನ್ನು ನಾನು ಕಿಟಕಿಯಾಚೆ ಹೋಗುವ ಗಾಡಿಯಂತೆ ನೋಡುತ್ತೇನೆ. ಡಬ್ಬಿಗಳೆಲ್ಲ ದಾಟಿ, ಕಡೆಯ ಗಾರ್ಡಿನ ಡಬ್ಬಿಯೂ ಹೋದ ಮೇಲೆ ಕಾಗದ ಮುಂದಕ್ಕೆ ಬರೆಯುತ್ತೇನೆ.

ಸುದ್ದಿ ದೊಡ್ಡದಿದೆ. ಮೂವತ್ತಕ್ಕೆ ಮದ್ರಾಸಿನ ಕಡೆಯಿಂದ ಯಾತ್ರಿಕರ ಸ್ಪೆಷಲ್ ಗಾಡಿ ಬರುತ್ತದೆ, ಎಂಜಿನ್ನಿಗೆ ನೀರು ತುಂಬಲು ವಾಡಿಯಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತದೆ. ಆ ಇಪ್ಪತ್ತು ನಿಮಿಷಕ್ಕೆ ನಮ್ಮವರು ಹದಿನೈದು ದಿನದಿಂದ ಸಭೆ ಸೇರುತ್ತಿದ್ದಾರೆ. ರೊಟ್ಟಿ ಕೊಡಬೇಕೋ ಚಿತ್ರಾನ್ನ ಕೊಡಬೇಕೋ ಎಂಬುದಕ್ಕೆ ಎರಡು ಪಕ್ಷಗಳಾಗಿವೆ. ಹಾಡು ಯಾವ ಭಾಷೆಯದಿರಬೇಕು ಎಂದು ತಮಿಳಿನವರಿಗೂ ತೆಲುಗಿನವರಿಗೂ ಮಾತು ಬಂದು, ಕಡೆಗೆ ಯಾರಿಗೂ ತಿಳಿಯದ ಲ್ಯಾಟಿನ್ನಿನಲ್ಲಿ ಹಾಡುವುದೆಂದು ಒಪ್ಪಂದವಾಯಿತು. ಸವೇರಿ ದಿನಾ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಾ ಅದನ್ನು ಅಭ್ಯಾಸ ಮಾಡುತ್ತಾನೆ. ಎಂಜಿನ್ನಿಗೆ ಅವನಿಗಿಂತ ಮೊದಲು ಬಾಯಿಪಾಠವಾಗುತ್ತದೆ.

ಹಮೀದಾಬಿಯ ವಿಷಯ: ಆಕೆ ಊರಲ್ಲಿಲ್ಲ. ಚಿತ್ತಾಪುರಕ್ಕೆ ಮಗಳ ಮನೆಗೆ ಹೋಗಿ ಹದಿನೈದು ದಿನವಾಯಿತಂತೆ, ಬರುವುದು ಯಾವಾಗಲೋ ತಿಳಿಯದು. ಬಂದರೆ ನೋಡೋಣ. ನೀನು ಹೇಳಿದ ಹಾಗೆ, ಪಾಪ, ಆಕೆಗೆ ಏನು ಗೊತ್ತಿರುತ್ತದೆ?

ನಲ್ಲಿ ಕೆಟ್ಟು ಒಂದು ವಾರವಾಯಿತು. ನೀರು ಸಣ್ಣಗೆ ಬರುತ್ತದೆ, ಸಾಲು ಉದ್ದ. ಭಾನುವಾರ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಹಮೀದಾಬಿ, “ಮನಿಯಾಕಿ ಯಾವಾಗ ಬರ್ತಾಳ್ರಿ ಕ್ಲಾರ್ಕ್ ಸಾಬ?” ಎಂದು ಕೇಳಿ ತನ್ನ ಪಾಳಿ ನನಗೆ ಬಿಟ್ಟುಕೊಟ್ಟಳು. ನಾನು ಕೊಡ ಹಿಡಿದ ರೀತಿಗೆ ಸಾಲೆಲ್ಲ ನಕ್ಕಿತು.

ಮೈ ನೋಡಿಕೋ.

ಯಾಗಪ್ಪ

*

ಪರೇಲ್, ಮುಂಬಯಿ,
೨೫ ನವೆಂಬರ್ ೧೯೬೪

ಮನೆಯವರಿಗೆ,

ಹಮೀದಾಬಿ ಹದಿನೈದು ದಿನದಿಂದ ಚಿತ್ತಾಪುರದಲ್ಲಿದ್ದಾಳೆ ಎಂದು ಬರೆದಿದ್ದೀರಿ. ಅದರ ಕೆಳಗೇ, ಭಾನುವಾರ ನಲ್ಲಿಯ ಸಾಲಿನಲ್ಲಿ ಪಾಳಿ ಬಿಟ್ಟುಕೊಟ್ಟಳು ಎಂದೂ ಬರೆದಿದ್ದೀರಿ.

ಈ ಸಲ ಪತ್ರವನ್ನು ಅಕ್ಕನ ಕೈಗೆ ಕೊಡಲಿಲ್ಲ. ನಾನೇ ಓದಿದೆ, ಮೂರು ಸಲ.

ನೀವು ಮರೆವಿನ ಮನುಷ್ಯರಲ್ಲ. ಬರೆಯುವಾಗ ಮನಸ್ಸು ಎಲ್ಲೋ ಇದ್ದಿರಬೇಕು. ನಿಮಗೆ ಏನೂ ಆಗಿಲ್ಲ, ಅದಕ್ಕೇ ನಗೆಮಾತು ಬರುತ್ತವೆ ಎಂದು ಇಷ್ಟು ದಿನ ತಿಳಿದಿದ್ದೆ. ಈಗ ನಿಮಗೆ ಕೇಳಲು ಹೆದರಿಕೆ ಎಂದು ಕಾಣುತ್ತದೆ. ಯಾಕೆ ಹೆದರಿಕೆ ಎಂದು ತಿಳಿಯುತ್ತಿಲ್ಲ.

ಇಲ್ಲಿ ಆಸ್ಪತ್ರೆಯ ಸಿಸ್ಟರುಗಳಿಗೆ ಬಟ್ಟೆ ನೋಡಿಕೊಳ್ಳಲು ಒಬ್ಬಳು ಬೇಕಂತೆ. ಇರಲು ಕೋಣೆ ಕೊಡುತ್ತಾರೆ. ಅಕ್ಕ, “ಇಲ್ಲೇ ಇದ್ದುಬಿಡವ್ವಾ, ಅಲ್ಲಿ ಯಾವುದಕ್ಕ ಹೋಗ್ತಿ?” ಎನ್ನುತ್ತಿದ್ದಾಳೆ. ನಾನು ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಸಮ್ಮೇಳನ ಮುಗಿದ ಮೇಲೆ ಹೇಳಬೇಕು. ನೀವು ಹಮೀದಾಬಿಯನ್ನು ಕೇಳಿ ಬರೆದ ಪತ್ರ ಬಂದರೆ ಅದನ್ನು ನೋಡಿ ಹೇಳುತ್ತೇನೆ. ಬರದಿದ್ದರೆ ಹೂಂ ಅನ್ನುತ್ತೇನೆ.

ಲೂರ್ದಮ್ಮ

*

ವಾಡಿ ಜಂಕ್ಷನ್,
೧ ಡಿಸೆಂಬರ್ ೧೯೬೪

ಲೂರ್ದಿ,

ನಿನ್ನ ಪತ್ರ ಶನಿವಾರ ಬಂತು. ಶನಿವಾರ ಕೇಳಲಿಲ್ಲ, ಭಾನುವಾರವೂ ಕೇಳಲಿಲ್ಲ. ನಿನ್ನೆ ಸೋಮವಾರ ಸ್ಪೆಷಲ್ ಗಾಡಿ ಬಂದಾಗ ಕೇಳಿದೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಗಾಡಿ ಹನ್ನೊಂದೂವರೆಗೆ ಬಂತು. ಪ್ರತಿ ಕಿಟಕಿಯಲ್ಲೂ ಹಳದಿ-ಬಿಳಿ ಕಾಗದ, ಎಂಜಿನ್ನಿನ ಮುಂದೆ ಬಾಳೆಕಂದು. ಒಳಗಿನವರು ಒಂದು ಹಾಡು, ಹೊರಗಿನವರು ಒಂದು ಹಾಡು. ಲ್ಯಾಟಿನ್ ಒಪ್ಪಂದ ಮೊದಲ ನಿಮಿಷಕ್ಕೇ ಮುರಿದು, ಯಾರ ಬಾಯಿಗೆ ಯಾವುದು ಬಂತೋ ಅದನ್ನು ಹಾಡಿದರು. ರೊಟ್ಟಿಯವರೂ ಚಿತ್ರಾನ್ನದವರೂ ಎರಡನ್ನೂ ಕಿಟಕಿಯೊಳಗೆ ತುರುಕಿದರು. ಕೇರಳದ ಒಬ್ಬ ಮುದುಕಪ್ಪ ನಮ್ಮ ಶೇಂಗಾ ಚಟ್ನಿಪುಡಿಯನ್ನು ಬರೀ ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ ಸವೇರಿಯನ್ನು ಕಿಟಕಿಯಿಂದಲೇ ಅಪ್ಪಿಕೊಂಡ. ಅದು ಭಕ್ತಿಯ ನೀರೋ ಖಾರದ್ದೋ ಯಾರೂ ವಿಚಾರಿಸಲಿಲ್ಲ. ಗುರುತಿಲ್ಲದವರು ಗುರುತಿಲ್ಲದವರ ಕೈ ಹಿಡಿದು ಅಳುತ್ತಿದ್ದರು, ನಗುತ್ತಿದ್ದರು. ಸ್ಟೇಷನ್ ಮಾಸ್ತರರು ಇಪ್ಪತ್ತು ನಿಮಿಷದ ಮೇಲೆ ಏಳು ನಿಮಿಷ ಹಸಿರು ಬಾವುಟ ಬಗಲಲ್ಲೇ ಇಟ್ಟುಕೊಂಡು ನಿಂತರು. ನಾನು ಒಂದು ಬುಟ್ಟಿ ಹಿಡಿದುಕೊಂಡಿದ್ದೆ. ನನ್ನ ಬುಟ್ಟಿ ಖಾಲಿಯಾದದ್ದು ನನಗೆ ತಿಳಿಯಲಿಲ್ಲ.

ಕುಡಿಯುವ ನೀರು ಸಾಲದೆಂದು ಕೇರಿಯ ಹೆಂಗಸರೂ ಕೊಡ ತಂದಿದ್ದರು. ಅವರಲ್ಲಿ ಹಮೀದಾಬಿ. ಗಾಡಿ ಹೊರಟ ಮೇಲೆ ಬರೀ ಕೊಡ ಸೊಂಟಕ್ಕಿಟ್ಟು ನನ್ನ ಹತ್ತಿರ ಬಂದಳು.

“ನಿಮ್ಮ ಮನಿಯಾಕಿ ಮುಂಬೈದಾಗ ದರ್ಶನ ಮಾಡ್ತಾಳೇನ್ರಿ?”

“ಮಾಡ್ತಾಳ. ಹಮೀದಾಬಿ, ಅವತ್ತು ನಾ ಹೊರಗ ಹೋದ ಮ್ಯಾಲ ಏನಾತು?”

ಆಕೆ ಕೊಡ ಕೆಳಗಿಟ್ಟಳು. “ಇಷ್ಟು ದಿನಕ್ಕ ಕೇಳಾಕತ್ತೀರಿ ನೋಡ್ರಿ,” ಎಂದಳು. “ಏನಾಗ್ತದ? ನಿಮ್ಮ ಗಡ್ಡದ ಫಾದರ್ ಕಲಿಸಿದ್ದು ಮಾಡೀನಿ.”

“ಏನು ಕಲಿಸಿದ್ರು?”

“ಇಪ್ಪತ್ತು ವರ್ಷದ ಮಾತು. ನನ್ನ ಕೂಡಿಸಿಕೊಂಡು ಹೇಳಿದ್ರು. ನಾ ತಿಂಗಳಿಗೊಮ್ಮಿ ಬರಾಂವ, ಕೂಸಿನ ಜೀವ ನನ ಸಲುವಾಗಿ ಕಾಯಂಗಿಲ್ಲ. ನಮ್ಮ ಮಂದಿ ಕೂಸು ಉಳಿಯಂಗಿಲ್ಲ ಅನ್ನಿಸ್ತಂದ್ರ ತಲಿಮ್ಯಾಲ ಮೂರು ಸರ್ತಿ ನೀರು ಹಾಕು, ಹೆಸರು ಹಿಡಿದು ಈ ಮಾತು ಅನ್ನು, ಅಂತ. ಪಿತನ, ಸುತನ, ಪವಿತ್ರಾತ್ಮನ ಹೆಸರಿಲೆ ಜ್ಞಾನಸ್ನಾನ ಕೊಡ್ತೀನಿ ಅನ್ನೋದು. ಬಾಯಿಪಾಠ ಅದ ನನಗ. ನಿಮ್ಮ ಕೂಸು ಹಿಡಿದು ಏಳು ಕೂಸಿಗಿ ಅಂದೀನಿ.”

“ನಿನಗ ಏನೂ ಅನ್ನಸಲಿಲ್ಲೇನು?”

“ನಂದು ನನಗದ, ನಿಮ್ಮದು ನಿಮಗದ. ಕೂಸು ನಿಮ್ಮದು, ಅದಕ್ಕ ನಿಮ್ಮ ಮಾತು ಅಂದೆ. ಮೂರನೇ ಸರ್ತಿ ನೀರು ಬಿದ್ದಾಗ ಕಣ್ಣು ಮುಚ್ಚಿಕೊಂಡೇ ಒಮ್ಮಿ ಅತ್ತಿತು. ಆಮ್ಯಾಲ ನನ್ನ ತೊಡಿಮ್ಯಾಲೇ ಹೋತು.”

ನಾನು, ಯಾರಿಗೂ ಯಾಕೆ ಹೇಳಲಿಲ್ಲ ಎಂದೆ. ಅದಕ್ಕೆ ಆಕೆ ಹೇಳಿದ್ದು ಇದು: “ಮೊದಲ ನಿಮ್ಮ ಉಪದೇಶಿ ಇನ್ನಾಸಪ್ಪಗ ಹೇಳ್ತಿದ್ದೆ, ಅಂವ ಫಾದರ್‌ಗ ಮುಟ್ಟಿಸ್ತಿದ್ದ. ಅಂವ ತೀರಿ ಎರಡು ವರ್ಷಾತು. ಮತ್ತ ನೀವೇ ಬಾಗಿಲದಾಗ ನಿಂತು, ಹುಟ್ಟುವಾಗೇ ಜೀವ ಇದ್ದಿಲ್ಲ ಅಂತ ಎಲ್ಲಾರಿಗೂ ಹೇಳಿದ್ರಿ. ಮನಿಯಾಕಿಗಿ ಸಂಕಟ ಆಗಬಾರದಂತ ಅಂದಿರಬೇಕು ಅನಕೊಂಡೆ. ಓದಿದ ಮನಶ್ಯಾ ನೀವು. ನಡುವ ನಾ ಯಾಕ ಬಾಯಿ ಹಾಕ್ಲಿ?”

ಅದೇ ಸುಳ್ಳು, ಲೂರ್ದಿ. ಕೂಸಿಗೆ ಜೀವವಿತ್ತು. ಕಾಲುಗಂಟೆ ಇತ್ತು.

ಅವತ್ತು ಹಮೀದಾಬಿ ಹೊರಗೆ ಬಂದು, ಜೀವ ಅದ, ದಮ್ಮು ಕಡಿಮಿ ಅದ, ನಿಮ್ಮ ಫಾದರ್‌ಗ ಹೇಳಿ ಕಳಿಸ್ರಿ ಎಂದಳು. ಫಾದರ್ ಬಂದು ಹೋಗಿ ಎರಡೇ ದಿನವಾಗಿತ್ತು, ಅವರಿರುವ ಶಹಾಬಾದಿಗೆ ಫೋನು ಮಾಡಿಸೋಣವೆಂದು ಸ್ಟೇಷನ್ನಿಗೆ ಓಡಿದೆ. ಒಳಗೆ ಹೋಗಿ ಕೂಸನ್ನು ನೋಡಲಿಲ್ಲ. ಫೋನು ಬಿಡುವಾಗಿರಲಿಲ್ಲ, ಆಫೀಸಿನಲ್ಲಿ ನಿಂತೆ. ಗುರುಲಿಂಗಯ್ಯನವರಿಗೆ ಏನೂ ಗೊತ್ತಿಲ್ಲ. “ಏನ್ರಿ, ಪೇಢೆನೋ ಜಿಲೇಬಿನೋ?” ಎಂದರು. ಗಂಡಾದರೆ ಪೇಢೆ, ಹೆಣ್ಣಾದರೆ ಜಿಲೇಬಿ. ಆಗ ನಿಜ ಹೇಳಬೇಕಿತ್ತು. ಬಾಯಿ ತೆರೆದೆ, ಬಂದದ್ದು ಒಂದು ನಗೆಮಾತು. ಎಲ್ಲರೂ ನಕ್ಕರು, ಮೇಜು ಕುಟ್ಟಿದರು. ಇನ್ನೊಂದು ಹೇಳಿದೆ. ನಗುವವರ ನಡುವೆ ನಿಂತರೆ ಮನೆಯಲ್ಲಿ ಏನೂ ಆಗುವುದಿಲ್ಲ ಎನಿಸಿತೋ ಏನೋ. ಆ ಎರಡು ಮಾತೂ ಅಕ್ಷರ ಬಿಡದೆ ನೆನಪಿವೆ. ಬರೆಯುವುದಿಲ್ಲ. ಫೋನು ಸಿಗಲೇ ಇಲ್ಲ. ಮನೆಗೆ ಬಂದಾಗ ಮುಗಿದಿತ್ತು. ಆ ಹೊತ್ತು ಎಲ್ಲಿದ್ದೆ ಎಂದು ಯಾರೂ ಕೇಳಬಾರದೆಂದು, ಹುಟ್ಟುವಾಗಲೇ ಜೀವವಿರಲಿಲ್ಲ ಎಂದುಬಿಟ್ಟೆ. ಅದನ್ನು ಕೇಳಿ ನೆರೆಯವರು ಕಲ್ಲಿನ ಆಚೆ ಇಟ್ಟರು. ನಾನೇ ಗುದ್ದಲಿ ಹಿಡಿದು ಜಾಗ ತೋರಿಸಿದೆ.

ನೀನು ಎದ್ದ ಮೇಲೆ ಯಾವಾಗಲಾದರೂ ಹೇಳಬಹುದಿತ್ತು. ಒಂದೊಂದು ದಿನ ದಾಟಿದಷ್ಟೂ ನನಗೇ ಅದು ನಿಜವಾಗುತ್ತ ಬಂತು. ಆಗಿನಿಂದ ನನಗೆ ಏನೂ ತಿಳಿಯುತ್ತಿಲ್ಲ, ಚಳಿ, ಬಿಸಿ, ಹಸಿವು ಯಾವುದೂ. ಇದನ್ನು ಬರೆಯುವಾಗಲೂ ಅಕ್ಷರ ದುಂಡಗೆ ಬರುತ್ತಿವೆ, ನೋಡು.

ಹೆಸರು ಹಿಡಿದು ಹೇಳಬೇಕಲ್ಲ, ಏನೆಂದೆ ಎಂದು ಕೇಳಿದೆ. “ಮರಿಯಮ್ ಅಂದೆ. ಆ ಹೆಸರು ನಮ್ಮಲ್ಲೂ ಅದ, ನಿಮ್ಮಲ್ಲೂ ಅದ,” ಎಂದಳು.

ಯಾಗಪ್ಪ

*

ಪರೇಲ್, ಮುಂಬಯಿ,
೬ ಡಿಸೆಂಬರ್ ೧೯೬೪

ಎರಡನೇ ತಾರೀಖು ಅವರು ಬಂದರು. ಮಧ್ಯಾಹ್ನದಿಂದಲೇ ರಸ್ತೆಯಲ್ಲಿ ನಿಂತಿದ್ದೆವು. ಕ್ರೈಸ್ತರಷ್ಟೇ ಅಲ್ಲ, ಚಾಳಿನ ಗುಜರಾತಿಗಳು, ಪಾರ್ಸಿಗಳು, ಎಲ್ಲರೂ. ಗೋವೆಯ ಮುದುಕಿಯನ್ನು ಕಡೆಯ ಹನ್ನೆರಡು ಮೆಟ್ಟಿಲು ಬಾವ ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ಆಕೆ ಸಾಯುವ ಮುದುಕಿಯಂತೆ ಕಾಣಲಿಲ್ಲ, ಮದುಮಗಳಂತೆ ಕಂಡಳು. ಕಾರು ಬಂದಾಗ ಆ ಕೂಗು ನೆಲದಿಂದ ಬಂದ ಹಾಗೆ ಬಂತು. ಅಕ್ಕ ನನ್ನ ಭುಜದ ಮೇಲೆ ತಲೆಯಿಟ್ಟು ಬಿಕ್ಕುತ್ತಿದ್ದಳು. ಬಾವ ಹಗ್ಗ ಹಿಡಿದು ಜನರನ್ನು ತಡೆಯಬೇಕಾದವರು ಹಗ್ಗ ಬಿಟ್ಟು ಕೈಮುಗಿದು ನಿಂತರು. ಜನರ ತಲೆಗಳ ಮೇಲೆ ಒಂದು ಬಿಳಿಯ ತೋಳು, ಅದರ ತುದಿಗೆ ಕೈ, ಅಷ್ಟೇ ನನಗೆ ಕಂಡದ್ದು. ನೀವಿದ್ದರೆ, ಮುಂಬಯಿಗೆ ಹೋಗಿ ಮುಂಗೈ ನೋಡಿ ಬಂದೆ ಎನ್ನುತ್ತಿದ್ದಿರಿ.

ಎಲ್ಲರಿಗೂ ಏನೋ ಆಯಿತು. ನನಗೆ ಆಗಲಿಲ್ಲ. ಕೈ ಚೆನ್ನಾಗಿತ್ತು.

ನಾಲ್ಕನೇ ತಾರೀಖು ನಿಮ್ಮ ಪತ್ರ ಬಂತು.

ಓದಿ ಮಡಿಸಿ, ಅಕ್ಕಿ ಆರಿಸಿದೆ. ಮತ್ತೆ ಓದಿದೆ. ಅತ್ತಿತು ಎಂಬಲ್ಲಿಗೆ ಬಂದು ನಿಂತೆ. ನಿಮ್ಮ ನಗೆಮಾತು ಏನೆಂದು ನನಗೆ ಬೇಡ, ಯಾವತ್ತೂ ಹೇಳಬೇಡಿ. ನೀವು ಓಡಿಹೋದದ್ದಕ್ಕೆ ಸಿಟ್ಟು ಬರಬೇಕು, ಬಂದಿಲ್ಲ. ಬಂದರೆ ಬರೆಯುತ್ತೇನೆ. ನೀವು ಸುಳ್ಳು ಹೇಳಿದ್ದರಿಂದ ನಾನು ನಾಲ್ಕು ತಿಂಗಳು ಸತ್ತ ಕೂಸನ್ನು ಹೆತ್ತವಳಾಗಿದ್ದೆ. ನಾನು ಹೆತ್ತದ್ದು ಜೀವವಿರುವ ಕೂಸನ್ನು. ಅದನ್ನು ಎರಡು ಸಲ ಗಟ್ಟಿಯಾಗಿ ಹೇಳಿಕೊಂಡೆ. ಅಕ್ಕ ಒಳಗಿನಿಂದ, “ಏನವ್ವಾ?” ಎಂದಳು. ಏನಿಲ್ಲ ಎಂದೆ.

ಮಂಗಳೂರಿನ ಸ್ವಾಮಿಗಳ ಹತ್ತಿರ ಹೋಗಿ ಪತ್ರದ ಆ ಭಾಗವನ್ನಷ್ಟೇ ಓದಿ ಹೇಳಿದೆ. ಆ ನೀರು ಸಾಕು ಮಗಳೇ, ಆ ಮಾತು ಸಾಕು ಎಂದರು. ನಿಮ್ಮ ಶಹಾಬಾದಿನ ಫಾದರ್‌ಗೆ ಒಂದು ಚೀಟಿ ಬರೆದುಕೊಟ್ಟಿದ್ದಾರೆ. ಇದರೊಳಗೆ ಇಟ್ಟಿದ್ದೇನೆ. ಅವರು ಬಂದಾಗ ಹಮೀದಾಬಿಯನ್ನು ಕರೆದುಕೊಂಡು ಹೋಗಿ. ನೀವು ಬಾಗಿಲಲ್ಲಿ ನಿಂತು ಹೇಳಿದ್ದನ್ನೂ ನೀವೇ ಹೇಳಿ, ಆಕೆಯ ಬಾಯಿಂದ ಹೇಳಿಸಬೇಡಿ.

ಸಿಸ್ಟರುಗಳಿಗೆ ಇನ್ನೂ ಏನೂ ಹೇಳಿಲ್ಲ.

ಲೂರ್ದಮ್ಮ

*

ವಾಡಿ ಜಂಕ್ಷನ್,
೧೪ ಡಿಸೆಂಬರ್ ೧೯೬೪

ಲೂರ್ದಿ,

ನಿನ್ನೆ ಫಾದರ್ ಬಂದಿದ್ದರು. ಪೂಜೆ ಮುಗಿದ ಮೇಲೆ ಚೀಟಿ ಕೊಟ್ಟೆ. ನನ್ನ ಮಾತನ್ನು ಎಲ್ಲರೂ ಇನ್ನೂ ಚರ್ಚಿನಲ್ಲಿರುವಾಗಲೇ ಹೇಳಿದೆ. ಸವೇರಿಯ ಹೆಂಡತಿ ಮುಖ ತಿರುಗಿಸಿಕೊಂಡಳು. ಈ ಸಲ ಯಾರನ್ನೂ ನಗಿಸಲು ನನಗೆ ಬರಲಿಲ್ಲ.

ಹಮೀದಾಬಿ ಚಪ್ಪಲಿ ಹೊರಗೆ ಬಿಟ್ಟು, ಸೆರಗು ಹೊದ್ದು ಬಂದು ನಿಂತಳು. ಫಾದರ್, ನೀರು ಎಲ್ಲಿಂದ ತೆಗೆದುಕೊಂಡೆ ಎಂದು ಕೇಳಿದರು. “ಕುಡಿಯೋ ನೀರಿನ ಕೊಡದಿಂದ್ರಿ.” ಆ ಮಾತು ಹೇಳು ಎಂದರು. ಹೇಳಿದಳು. ನಮ್ಮಲ್ಲಿ ಕೆಲವರಿಗೆ ಅಷ್ಟು ಸರಿಯಾಗಿ ಬರುವುದಿಲ್ಲ. ಹೇಳುವಾಗ ಏನು ಮನಸ್ಸಿನಲ್ಲಿತ್ತು ಎಂದು ಕೇಳಿದರು. “ಗಡ್ಡದ ಫಾದರ್ ಏನ್ ಮಾಡಂತ ಹೇಳಿದ್ರೋ ಅದನ್ನ ಮಾಡ್ಬೇಕಂತ ಇತ್ರಿ. ಮತ್ತ ಬ್ಯಾರೆ ಏನಿರ್ತದ?”

ಫಾದರ್ ಜ್ಞಾನಸ್ನಾನದ ಪುಸ್ತಕ ತೆಗೆದು ಬರೆದರು: ಮರಿಯಮ್, ತಂದೆ ಯಾಗಪ್ಪ, ತಾಯಿ ಲೂರ್ದಮ್ಮ, ಜ್ಞಾನಸ್ನಾನ ಕೊಟ್ಟವರು ಸೂಲಗಿತ್ತಿ ಹಮೀದಾಬಿ. ಆಕೆಗೆ ಓದಲು ಬಾರದು. ತನ್ನ ಹೆಸರು ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಿಟ್ಟು ನೋಡಿದಳು. ಹೋಗುವಾಗ, ಮಿಕ್ಕ ಕೂಸುಗಳನ್ನು ಇನ್ನಾಸಪ್ಪ ಬರೆಸಿದ್ದನೋ ಇಲ್ಲವೋ ಎಂದು ವಿಚಾರಿಸಿದಳು. ಇಬ್ಬರದು ಬಿಟ್ಟುಹೋಗಿತ್ತು. ಫಾದರ್ ಅವನ್ನೂ ಬರೆದುಕೊಂಡರು.

ಕೂಸನ್ನು ಮತ್ತೆ ಅಲುಗಾಡಿಸುವುದು ಬೇಡ, ಮಣ್ಣಿನೊಳಗೆ ಮಲಗಿದೆ, ಬೇಲಿಯನ್ನೇ ಸರಿಸಿ ಎಂದರು ಫಾದರ್. ಶಹಾಬಾದಿನ ಗಣಿಯಲ್ಲಿ ಕಲ್ಲು ಎಬ್ಬಿಸುವ ಹಣಮಪ್ಪನನ್ನು, ಸುದ್ದಿ ಕೇಳಿದ ಗುರುಲಿಂಗಯ್ಯನವರು ಮಧ್ಯಾಹ್ನದ ಹೊತ್ತಿಗೆ ತಾವೇ ಕರೆತಂದರು. ಫರ್ಸಿ ಬೇಲಿಗೆ ಗಾರೆ ಇಲ್ಲವಲ್ಲ, ನೆಲದಲ್ಲಿ ತಗ್ಗು ತೋಡಿ ನಿಲ್ಲಿಸಿದ ಕಲ್ಲು. ಹಣಮಪ್ಪ ಹಾರೆ ಹಾಕಿ ಒಂಬತ್ತು ಫರ್ಸಿ ಎಬ್ಬಿಸಿ, ಆಚೆ ಹೊಸ ತಗ್ಗು ತೋಡಿ, ಮರಿಯಮ್ ಒಳಗೆ ಬರುವ ಹಾಗೆ ಸುತ್ತ ನೆಟ್ಟ. ಬೇಲಿಯ ಸುತ್ತು ದೊಡ್ಡದಾದದ್ದರಿಂದ ಇನ್ನು ನಾಲ್ಕು ಕಲ್ಲು ಬೇಕಾದವು. ಅವನ್ನು ಗುರುಲಿಂಗಯ್ಯನವರು ತಮ್ಮ ಹಿತ್ತಲಿನಿಂದ ಕೊಟ್ಟರು. “ಅವತ್ತು ನಾನೂ ನಕ್ಕೀನ್ರಿ,” ಎಂದಷ್ಟೇ ಹೇಳಿದರು. ನೇರವಾಗಿದ್ದ ಬೇಲಿ ಈಗ ಅಲ್ಲೊಂದು ಕಡೆ ಹೊಟ್ಟೆ ಬಂದಂತೆ ಕಾಣುತ್ತದೆ. ಫಾದರ್ ಮಣ್ಣಿಗೆ ತೀರ್ಥ ಚಿಮುಕಿಸಿದರು. ನಾನು ನಿಂತಿದ್ದೆ.

ಇನ್ನು ಅಲ್ಲಿರುವುದೋ ಬರುವುದೋ ನಿನಗೆ ಬಿಟ್ಟದ್ದು. ಬಾ ಎನ್ನುವ ಹಕ್ಕು ನನಗಿಲ್ಲ.

ಯಾಗಪ್ಪ

*

ಪರೇಲ್, ಮುಂಬಯಿ,
೧೮ ಡಿಸೆಂಬರ್ ೧೯೬೪

ಮನೆಯವರಿಗೆ,

ಸಿಸ್ಟರುಗಳಿಗೆ ಆಗುವುದಿಲ್ಲ ಎಂದು ಹೇಳಿದೆ. ನಿಮಗಾಗಿ ಎಂದು ತಿಳಿಯಬೇಡಿ. ನಿಮ್ಮ ವಿಷಯ ನನಗೆ ಇನ್ನೂ ಏನೂ ಗೊತ್ತಾಗಿಲ್ಲ. ಸಿಟ್ಟು ಬಂದಿದೆ, ಬುಧವಾರ ಬಂತು, ಪಾತ್ರೆ ತೊಳೆಯುವಾಗ. ಒಂದು ಬಟ್ಟಲು ಒಡೆಯಿತು. ಬೈಯುವ ಮಾತೆಲ್ಲ ನಿಮ್ಮ ಮುಖ ನೋಡಿಯೇ ಹೇಳಬೇಕು, ಕಾಗದದಲ್ಲಿ ಹಿಡಿಸುವುದಿಲ್ಲ.

ಇಪ್ಪತ್ತೆರಡಕ್ಕೆ ಮದ್ರಾಸ್ ಮೇಲ್ ಗಾಡಿಗೆ ಬರುತ್ತೇನೆ. ಸ್ಟೇಷನ್ನಿಗೆ ಬನ್ನಿ, ಟ್ರಂಕು ಭಾರವಿದೆ. ಮನೆಗೆ ಆಮೇಲೆ ಹೋಗೋಣ, ಸಮಾಧಿಗೂ ಆಮೇಲೆಯೇ. ಮೊದಲು ಹಮೀದಾಬಿಯ ಮನೆಗೆ ಹೋಗಬೇಕು. ಹೇಗೆ ಅತ್ತಳು, ಎಷ್ಟು ಹೊತ್ತು, ಸಣ್ಣ ದನಿಯೋ ದೊಡ್ಡ ದನಿಯೋ ಎಂದು ನಾನು ಆಕೆಯನ್ನು ಕೇಳಬೇಕು. ಬೇರೆ ಯಾರಿಗೂ ಅದು ಗೊತ್ತಿಲ್ಲ.

ನಿಮ್ಮನ್ನು ಹೊರಗೇ ನಿಲ್ಲಿಸಬೇಕು ಎಂದುಕೊಂಡಿದ್ದೆ. ಆದರೆ ಆ ದನಿಯನ್ನು ನೀವೂ ಕೇಳಿಲ್ಲವಲ್ಲ. ಒಳಗೆ ಬಂದು ಕುಂದ್ರಿ.

ಲೂರ್ದಮ್ಮ